ಬಿಸಿಯೂಟದ ಒಲೆಯ ಮುಂದೆ ಗುಮಟೆ

ಹಿಂದೆ ಸದ್ದು ಕೇಳಿಸುತ್ತಿದೆಯಲ್ಲ, ಅದು ಮೈಕಿನ ತಪ್ಪಲ್ಲ. ಮಳೆ. ಅಂಕೋಲಾ ಕಡೆ ಜುಲೈ ಅಂದ್ರೆ ಹೀಗೇ. ನಾನು ಓದಿದ ಹೈಸ್ಕೂಲಿನಲ್ಲಿ ಇವತ್ತು ಪ್ರತಿಭಾ ಪುರಸ್ಕಾರ. ಎರಡು ಸಲ ದಿನ ಗೊತ್ತು ಮಾಡಿದ್ದರು. ಎರಡೂ ಸಲ ಮಳೆ ರಜೆ ಬಂತು. ಮಕ್ಕಳಿಗೆ ಖುಷಿ. ತಂದಿಟ್ಟ ಹೂವು ಬಾಡಿತು ಎಂದು ಅಕ್ಕೋರಿಗೆ ಸಂಕಟ. ಬೇರೆ ಊರಿನವರಿಗೆ ಹೇಳಿಬಿಡುತ್ತೇನೆ, ನಮ್ಮಲ್ಲಿ ಟೀಚರಿಗೆ ಅಕ್ಕೋರು ಎನ್ನುತ್ತೇವೆ.

ಮೊದಲ ಸಾಲಿನಲ್ಲಿ ಒದ್ದೆ ಕೊಡೆ ಹಿಡಿದು ಕೂತಿದ್ದಾಳಲ್ಲ, ಈ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೆ ಅವಳೇ ಮೊದಲು. 625ಕ್ಕೆ 617. ಫಲಿತಾಂಶ ಬಂದಾಗಿನಿಂದ ಸಿಕ್ಕವರೆಲ್ಲ ಕೇಳುವುದು ಒಂದೇ: 'ಉಳಿದ ಎಂಟು ಎಲ್ಲಿ ಹೋಯ್ತು?' ನಾಚಿಕೆ ಬಿಟ್ಟು ನಾನೂ ಕೇಳಿದೆ. ಹಿಂದಿಯಲ್ಲಿ ಐದು, ವಿಜ್ಞಾನದಲ್ಲಿ ಮೂರು. ಕನ್ನಡದಲ್ಲಿ 125ಕ್ಕೆ 125! ಅವಳ ಅಪ್ಪ ಆ ದಿನ ಪೇಢೆ ಹಂಚಲಿಲ್ಲವಂತೆ. ಮನೆಯ ಕರಿ ಇಶಾಡ ಮಾವನ್ನೇ ಬುಟ್ಟಿ ತುಂಬಿ ತಂದರಂತೆ. ಮೇ ತಿಂಗಳಲ್ಲಿ ಆ ಹಣ್ಣಿದ್ದರೆ ಪೇಢೆ ಯಾರಿಗೆ ಬೇಕು, ಅಲ್ವಾ?

ಭಾಷಣಗಳನ್ನು ಕತ್ತರಿಸಿದ್ದೇನೆ. ದೊಡ್ಡವರು ಕ್ಷಮಿಸಬೇಕು.

ಈಗ ಬಹುಮಾನಗಳು. ಪ್ರತಿಭಾ ಕಾರಂಜಿಯಲ್ಲಿ ಆಶುಭಾಷಣ, ರಂಗೋಲಿ, ಮಿಮಿಕ್ರಿ. ಆದರೆ ಸಭೆ ಕಾಯುತ್ತಿದ್ದುದು ಜಾನಪದ ನೃತ್ಯದ ತಂಡಕ್ಕೆ. ಹೋದ ವರ್ಷ ಸುಗ್ಗಿ ಕುಣಿತ ಮಾಡಿ ತಾಲೂಕಿಗೆ ಮೊದಲು ಬಂದರು, ಕಾರವಾರದಲ್ಲಿ ಜಿಲ್ಲೆಗೆ ಎರಡನೆಯವರು. ಎರಡನೆಯವರಾದರೆ ಅಲ್ಲಿಗೇ ಮುಗಿಯಿತು, ಮುಂದಕ್ಕೆ ಹೋಗುವಂತಿಲ್ಲ. ತಂಡದಲ್ಲಿ ಹಾಲಕ್ಕಿ ಸಮುದಾಯದ ಮನೆಗಳ ಹುಡುಗರೇ ಜಾಸ್ತಿ. ಅವರಿಗೆ ಕುಣಿತ ಕಲಿಸುವ ಕೆಲಸವೇ ಇರಲಿಲ್ಲ, ಹತ್ತು ನಿಮಿಷದೊಳಗೆ ಮುಗಿಸುವುದನ್ನು ಕಲಿಸಬೇಕಾಯಿತು ಎಂದು ಮಾಸ್ತರು ನಕ್ಕರು. ಸುಗ್ಗಿಯಲ್ಲಿ ಮನೆ ಮನೆಗೆ ಹೋಗಿ ಕುಣಿಯುವವರಿಗೆ ಗಡಿಯಾರ ಎಲ್ಲಿಯದು? ಇದೇ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಸಾವಿರಾರು ಹಾಡುಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದ ದಿನ ಊರೆಲ್ಲ ಅದೇ ಮಾತು.

ಕೊನೆಗೆ ಗಣಿತದ ಅಕ್ಕೋರು ಚೀಟಿ ಹಿಡಿದು ಎದ್ದರು. ಪರೀಕ್ಷೆ-2ರಲ್ಲಿ ಪಾಸಾದ ನಾಲ್ವರ ಹೆಸರು. ಹೆಸರು ಕೇಳಿ ನನಗೆ ಗಂಟಲು ಕಟ್ಟಿತು. ನಮ್ಮ ಕಾಲದಲ್ಲಿ ಅದಕ್ಕೆ ಪೂರಕ ಪರೀಕ್ಷೆ ಎನ್ನುತ್ತಿದ್ದರು. ನಾನೂ ಗಣಿತವನ್ನು ಅದರಲ್ಲೇ ದಾಟಿದ್ದು. ಆ ವರ್ಷ ಸನ್ಮಾನದ ದಿನ ಹೊಟ್ಟೆನೋವು ಎಂದು ಮನೆಯಲ್ಲೇ ಮಲಗಿದ್ದೆ. ಯಾರೂ ಕರೆದೂ ಇರಲಿಲ್ಲ ಬಿಡಿ. 2024ರಲ್ಲಿ ಪರೀಕ್ಷೆ-1, 2, 3 ಎಂದು ಮಾಡಿದರು. ಹೆಸರು ಬದಲಾದದ್ದೇ ಎಷ್ಟೋ ಸಮಾಧಾನ.

ಮೂವರು ಬಂದರು. ನಾಲ್ಕನೆಯವನು ಇಲ್ಲ. ಎರಡು ಸಲ ಕೂಗಿದರು. ಸಂಕೋಚಪಟ್ಟು ಬಂದಿಲ್ಲ ಎಂದುಕೊಂಡೆ, ನನ್ನ ಹೊಟ್ಟೆನೋವು ನೆನಪಾಯಿತು.

ಕ್ಯಾಮೆರಾ ಹಿಡಿದು ಹಿಂದಕ್ಕೆ ಹೋದರೆ, ನೋಡಿ, ಬಿಸಿಯೂಟದ ಅಡುಗೆ ಕೋಣೆಯಲ್ಲಿದ್ದಾನೆ! ಒಲೆಯ ಮುಂದೆ ಗುಮಟೆ ಹಿಡಿದು ಕೂತಿದ್ದಾನೆ. ಮಣ್ಣಿನ ಗಡಿಗೆಗೆ ಚರ್ಮ ಬಿಗಿದ ವಾದ್ಯ ಅದು. ಮಳೆಗಾಲದ ತಂಡಿಗೆ ಚರ್ಮ ಸಡಿಲವಾಗಿ ದನಿ ಸತ್ತುಹೋಗುತ್ತದೆ. ಬೆಂಕಿಗೆ ಕಾಯಿಸಲೇಬೇಕು. ಹತ್ತಿರ ಹಿಡಿದರೆ ಹರಿಯುತ್ತದೆ, ದೂರ ಹಿಡಿದರೆ ಕಾಯುವುದಿಲ್ಲ.

'ನಿನ್ನ ಹೆಸರು ಕೂಗ್ತಾ ಇದಾರೆ ಮಾರಾಯ!'

'ಅಲ್ಲಿ ಹೋಗಿ ಬರುವಷ್ಟರಲ್ಲಿ ಇದು ತಣ್ಣಗಾಗ್ತದಲ್ರಾ' ಎಂದ.

ಕೊನೆಗೆ ಗುಮಟೆಯನ್ನು ಟವೆಲ್ಲಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡೇ ವೇದಿಕೆ ಹತ್ತಿದ. ಶಾಲು ಹೊದಿಸಿದರು, ಪ್ರಮಾಣಪತ್ರ ಕೊಡಲು ಹೋದರೆ ಅವನಿಗೆ ಕೈ ಖಾಲಿ ಇಲ್ಲ. ಅಕ್ಕೋರು ಅದನ್ನು ಕಂಕುಳಲ್ಲಿ ಸಿಕ್ಕಿಸಿದರು. ಹಾಗೇ ಇಳಿದು ಬಂದು, ಟವೆಲ್ಲು ತೆಗೆದು ಒಂದೇ ಪೆಟ್ಟು ಹಾಕಿ ನೋಡಿದ.

ಇನ್ನು ನಾನು ಮಾತಾಡುವುದಿಲ್ಲ. ಇಯರ್‌ಫೋನ್ ಇದ್ದರೆ ಹಾಕಿಕೊಳ್ಳಿ.