ಜಾಲಕ್ಕೊಬ್ಬ ನೀರುಗಂಟಿ

ಕೇಳುಗರಿಗೆ ನಮಸ್ಕಾರ.

ಕೋಲಾರದ ಒಂದು ಕಾಲೇಜಿನಲ್ಲಿ ಗಣಕ ವಿಜ್ಞಾನ ಪಾಠ ಹೇಳುವುದು ನನ್ನ ಉದ್ಯೋಗ. ಅಲ್ಲಿನ ಹಾಸ್ಟೆಲಿನ ಇಂಟರ್ನೆಟ್ ಸಂಪರ್ಕವನ್ನು ನೋಡಿಕೊಳ್ಳುವುದು, ನಾನು ಕೇಳದೆಯೇ ಕೊರಳಿಗೆ ಬಿದ್ದ ಇನ್ನೊಂದು ಕೆಲಸ. ಕೆಲವು ವರ್ಷಗಳ ಹಿಂದೆ, ಪರೀಕ್ಷೆಗೆ ಒಂದು ವಾರ ಉಳಿದಿದ್ದಾಗ, 45 ನಿಮಿಷದ ಪಾಠವೊಂದನ್ನು ಕ್ಯಾಮೆರಾದಲ್ಲಿ ಚಿತ್ರಿಸಿ, ಎಲ್ಲೋ ದೂರದಲ್ಲಿದ್ದ ಸರ್ವರಿಗೆ ಏರಿಸಿ, ರಾತ್ರಿ 8 ಗಂಟೆಗೆ ವಿದ್ಯಾರ್ಥಿಗಳಿಗೆ ಅದರ ಲಿಂಕ್ ಕಳುಹಿಸಿದೆ. ಎಂಟೂವರೆಯ ಹೊತ್ತಿಗೆ ಹಾಸ್ಟೆಲಿನಲ್ಲಿ ಪಾಠ ಮಾತ್ರವಲ್ಲ, ಯಾವುದೂ ತೆರೆಯುತ್ತಿರಲಿಲ್ಲ. ಮನೆಗೆ ಕಳುಹಿಸಿದ ಒಂದು ಸಾಲಿನ ಸಂದೇಶವೂ ಹೋಗುತ್ತಿಲ್ಲವೆಂದು ಹುಡುಗರು ವಾರ್ಡನ್ನರ ಬಳಿ ದೂರಿದರು. ವಾರ್ಡನ್ನರು ನನಗೆ ಫೋನ್ ಮಾಡಿದರು.

ಆ ರಾತ್ರಿ ಕಾಗದದ ಮೇಲೆ ಮಾಡಿದ ಲೆಕ್ಕ ಇಷ್ಟು. ಕಡತದ ಗಾತ್ರ 800 ಮೆಗಾಬೈಟ್, ಹಾಸ್ಟೆಲಿನಲ್ಲಿದ್ದವರು 120 ಮಂದಿ, ಸಂಪರ್ಕದ ವೇಗ ಸೆಕೆಂಡಿಗೆ 50 ಮೆಗಾಬಿಟ್. ಒಂದು ಬೈಟ್ ಎಂದರೆ 8 ಬಿಟ್; ಸಂಪರ್ಕ ಮಾರುವವರು ಬಿಟ್‌ಗಳಲ್ಲಿ ಮಾತನಾಡುತ್ತಾರೆ, ನಮ್ಮ ಕಡತಗಳು ಬೈಟ್‌ಗಳಲ್ಲಿ ತೂಗುತ್ತವೆ, ಗ್ರಾಹಕನ ಅರ್ಧ ನಿರಾಸೆ ಈ ಎಂಟು ಪಟ್ಟಿನ ಅಂತರದಲ್ಲೇ ಇದೆ. ಹೀಗೆ ಲೆಕ್ಕ ಹಾಕಿದರೆ ಒಂದು ಪ್ರತಿ ಇಳಿಯಲು 128 ಸೆಕೆಂಡು ಸಾಕು. 120 ಪ್ರತಿಗಳಿಗೆ ಬೇಕಾಗುವುದು ನಾಲ್ಕೂಕಾಲು ಗಂಟೆ. ಅದೂ ಒಂದು ಬಿಟ್ಟೂ ವ್ಯರ್ಥವಾಗದೆ, ನಡುವೆ ಕರೆಂಟ್ ಹೋಗದೆ ಇದ್ದರೆ. ಮೊದಲಿಗೆ ಎಲ್ಲರಿಗೂ ಹೊಳೆದದ್ದು ದಾರಿಯನ್ನು ಅಗಲ ಮಾಡುವ ಉಪಾಯ. ವೇಗವನ್ನು 100 ಮೆಗಾಬಿಟ್ಟಿಗೆ ಏರಿಸಿದರೆ ನಾಲ್ಕೂಕಾಲು ಗಂಟೆ ಎರಡು ಗಂಟೆಯ ಮೇಲೆ ಕೆಲವು ನಿಮಿಷಕ್ಕೆ ಇಳಿಯುತ್ತದೆ, ತಿಂಗಳ ಬಿಲ್ಲು ಏರುತ್ತದೆ, ಮುಂದಿನ ವರ್ಷ ಕಡತದ ಗಾತ್ರವೂ ದುಪ್ಪಟ್ಟಾಗುತ್ತದೆ. ಒಂದೇ ಪಾಠ ಒಂದೇ ಕಟ್ಟಡಕ್ಕೆ 120 ಸಲ ದೂರದಿಂದ ಬರುತ್ತಿದೆಯಲ್ಲ ಎಂಬ ಪ್ರಶ್ನೆಯನ್ನು ಆ ಉಪಾಯ ಮುಟ್ಟುವುದೇ ಇಲ್ಲ.

ಆದರೆ ಅದಕ್ಕಿಂತ ಮೊದಲು ನನ್ನನ್ನು ಕಾಡಿದ್ದು ಬೇರೆ ಸಂಗತಿ. ದೊಡ್ಡ ಕಡತ ನಿಧಾನವಾಗುವುದು ಸಹಜ. ಒಂದು ಸಾಲಿನ ಸಂದೇಶ ಏಕೆ ನಿಂತಿತು?

ಜಾಲದಲ್ಲಿ ಯಾವ ಕಡತವೂ ಇಡಿಯಾಗಿ ಹೋಗುವುದಿಲ್ಲ. ಹೆಚ್ಚೆಂದರೆ ಸುಮಾರು 1,500 ಬೈಟ್‌ಗಳ ಪ್ಯಾಕೆಟ್‌ಗಳಾಗಿ ಒಡೆದು, ಒಂದೊಂದೂ ತಾನೇ ದಾರಿ ಹಿಡಿದು ಹೋಗುತ್ತದೆ. ದಾರಿಯ ಪ್ರತಿ ಕೂಡುರಸ್ತೆಯಲ್ಲಿ ಒಂದು ರೌಟರ್ ಇರುತ್ತದೆ. ಬರುವ ಪ್ಯಾಕೆಟ್‌ಗಳು ಹೋಗುವವಕ್ಕಿಂತ ಹೆಚ್ಚಾದಾಗ ಅದು ಅವನ್ನು ಸಾಲಿನಲ್ಲಿ ನಿಲ್ಲಿಸುತ್ತದೆ, ಸಾಲಿಗೆ ಜಾಗವಿಲ್ಲದಾದಾಗ ಕೆಳಗೆ ಬೀಳಿಸಿಬಿಡುತ್ತದೆ. ಕಳೆದುಹೋದುದನ್ನು ಮತ್ತೆ ಕಳುಹಿಸುವ ಹೊಣೆ ಕಳುಹಿಸಿದವನದು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಈ ಒಳ್ಳೆಯ ನಿಯಮವೇ ಜಾಲವನ್ನು ಮುಳುಗಿಸಿತು. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೂ ನಡುವಿನ ದೂರ ಸುಮಾರು 400 ಗಜ. ಅಷ್ಟು ಹತ್ತಿರದ ಸಂಪರ್ಕದಲ್ಲಿ ಸೆಕೆಂಡಿಗೆ 32,000 ಬಿಟ್ ಇದ್ದ ಹರಿವು 40 ಬಿಟ್ಟಿಗೆ ಕುಸಿಯಿತು. ಪ್ಯಾಕೆಟ್ ಸಿಗಲಿಲ್ಲವೆಂದು ಪ್ರತಿಯೊಂದು ಯಂತ್ರವೂ ಮತ್ತೆ ಮತ್ತೆ ಕಳುಹಿಸುತ್ತಿತ್ತು. ಹಾಗೆ ಕಳುಹಿಸಿದ್ದೇ ದಟ್ಟಣೆಯನ್ನು ಹೆಚ್ಚಿಸುತ್ತಿತ್ತು. ಟೊಮೆಟೊ ಸುಗ್ಗಿಯಲ್ಲಿ ನಮ್ಮ ಎಪಿಎಂಸಿ ಬಾಗಿಲಲ್ಲಿ ಮುಂದಿನ ಲಾರಿ ಅಲುಗುತ್ತಿಲ್ಲವೆಂದು ಹಿಂದಿನವರೆಲ್ಲ ಎದುರು ದಿಕ್ಕಿನ ರಸ್ತೆಗೂ ನುಗ್ಗಿದರೆ ಏನಾಗುತ್ತದೆಯೋ ಅದೇ ಆಯಿತು.

ಇದನ್ನು ಬಿಡಿಸಿದವರು ಅದೇ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವ್ಯಾನ್ ಜೇಕಬ್ಸನ್. 1988ರಲ್ಲಿ ಅವರು ಪ್ರಕಟಿಸಿದ ಪರಿಹಾರದಲ್ಲಿ ಹೊಸ ತಂತಿಯಿಲ್ಲ, ಹೊಸ ಯಂತ್ರವಿಲ್ಲ. ಕಳುಹಿಸುವವನಿಗೆ ಕಲಿಸಿದ ಒಂದು ನಡವಳಿಕೆ ಇದೆ. ಮೊದಲು ಸ್ವಲ್ಪವೇ ಕಳುಹಿಸು. ತಲುಪಿತೆಂಬ ಉತ್ತರ ಬಂದಂತೆ ಹೆಚ್ಚಿಸುತ್ತಾ ಹೋಗು. ಒಂದು ಪ್ಯಾಕೆಟ್ ಕಳೆಯಿತೆಂದರೆ ದಾರಿ ತುಂಬಿದೆ ಎಂದು ತಿಳಿದು ಪ್ರಮಾಣವನ್ನು ಅರ್ಧಕ್ಕೆ ಇಳಿಸು. ಅಲ್ಲಿಂದ ಮತ್ತೆ ಮೆಲ್ಲಗೆ ಏರು. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವ ನಮ್ಮ ಕಡೆಯ ನೀರುಗಂಟಿ ಮಾಡುವ ಕೆಲಸವೂ ಇದೇ. ಎಲ್ಲರ ಗದ್ದೆಗೂ ಒಟ್ಟಿಗೆ ತೂಬು ಎತ್ತಿದರೆ ಕಾಲುವೆಯ ಏರಿ ಒಡೆಯುತ್ತದೆಂದು ಆತನಿಗೆ ಗೊತ್ತು. ವ್ಯತ್ಯಾಸ ಒಂದೇ: ನೀರುಗಂಟಿ ಕಾಲುವೆಯನ್ನು ಕಣ್ಣಾರೆ ಕಾಣುತ್ತಾನೆ, ಕಳುಹಿಸುವ ಗಣಕಕ್ಕೆ ಕಾಲುವೆ ಕಾಣುವುದಿಲ್ಲ. ಕೋಡಿ ಬಿದ್ದ ಸುದ್ದಿಯಿಂದಲೇ ಅದು ಕೆರೆ ತುಂಬಿದ್ದನ್ನು ತಿಳಿಯಬೇಕು.

ಹಾಗಾದರೆ ಕೋಡಿಯೇ ಬೀಳದಂತಹ ಕೆರೆ ಕಟ್ಟಿದರೆ? ನಮ್ಮ ಹಾಸ್ಟೆಲಿನಲ್ಲಿ ಆಗಿದ್ದು ಅದೇ ಎಂದು ತಿಳಿಯಲು ನನಗೆ ಬಹಳ ದಿನ ಹಿಡಿಯಿತು. ಮೆಮೊರಿ ಅಗ್ಗವಾದ ಮೇಲೆ ರೌಟರ್ ತಯಾರಕರು ಪ್ಯಾಕೆಟ್ ಕಳೆಯಬಾರದೆಂಬ ಸದುದ್ದೇಶದಿಂದ ಬಹಳ ದೊಡ್ಡ ಸಾಲುಗಳಿಗೆ ಜಾಗ ಕೊಟ್ಟರು. ಸಾಲು ಉದ್ದವಾಗುತ್ತದೆ, ಯಾವುದೂ ಬೀಳುವುದಿಲ್ಲ, ಹಾಗಾಗಿ ಕಳುಹಿಸುವವನಿಗೆ ದಾರಿ ತುಂಬಿದ ಸುಳಿವೇ ಸಿಗುವುದಿಲ್ಲ. ಅವನು ಇನ್ನಷ್ಟು ಸುರಿಯುತ್ತಾನೆ. ಒಂದು ಸಾಲಿನ ಸಂದೇಶ 120 ವಿಡಿಯೋಗಳ ಪ್ಯಾಕೆಟ್‌ಗಳ ಹಿಂದೆ ಸರದಿಯಲ್ಲಿ ನಿಂತು ಸೆಕೆಂಡುಗಟ್ಟಲೆ ಕಾಯುತ್ತದೆ. ಜಿಮ್ ಗೆಟಿಸ್ ಎಂಬ ತಂತ್ರಜ್ಞರು 2010ರ ಸುಮಾರಿಗೆ ಈ ಕಾಯಿಲೆಗೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. ಸಾಲಿನ ಬೊಜ್ಜು ಎನ್ನಬಹುದು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ಜೇಕಬ್ಸನ್ ಸೇರಿ ಕೊಡೆಲ್ ಎಂಬ ಮದ್ದು ಕೊಟ್ಟರು. ಸಾಲು ಎಷ್ಟು ಉದ್ದ ಎಂದು ಅದು ನೋಡುವುದಿಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವಿಕೆ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯದೆ 100 ಮಿಲಿಸೆಕೆಂಡು ಮುಂದುವರಿದರೆ ಬೇಕೆಂದೇ ಒಂದು ಪ್ಯಾಕೆಟ್ಟನ್ನು ಬೀಳಿಸಿ ಕಳುಹಿಸುವವನಿಗೆ ಸುದ್ದಿ ಮುಟ್ಟಿಸುತ್ತದೆ. ಈ ವಿಧಾನದ ಸುಧಾರಿತ ರೂಪವುಳ್ಳ ತಂತ್ರಾಂಶವನ್ನು ನಮ್ಮ ಹಳೆಯ ರೌಟರಿಗೆ ಹಾಕಿದ ದಿನದಿಂದ ಹುಡುಗರ ಸಂದೇಶಗಳು ಹೋಗತೊಡಗಿದವು. ಪೈಸೆ ಖರ್ಚಾಗಲಿಲ್ಲ.

ಪಾಠದ ಭಾರ ಮಾತ್ರ ಹಾಗೆಯೇ ಉಳಿದಿತ್ತು. ಅಷ್ಟು ತೂಕ ಯಾರಿಗೆ ಬೇಕಾಗಿತ್ತು ಎಂದು ಒಬ್ಬ ವಿದ್ಯಾರ್ಥಿಯನ್ನು ಕೇಳಿದೆ. “ನಿಮ್ಮ ಮುಖ ದಿನಾ ನೋಡ್ತೀವಿ ಸಾರ್, ಬೋರ್ಡು ಕಾಣಿಸಿದ್ರೆ ಸಾಕು” ಎಂದ. ಅವನ ಮಾತಿನಲ್ಲಿ ವಿಡಿಯೋ ಸಂಕೋಚನದ ಇಡೀ ಶಾಸ್ತ್ರವಿತ್ತು. ಒಂದು ಚಿತ್ರದಿಂದ ಮುಂದಿನ ಚಿತ್ರಕ್ಕೆ ಬದಲಾಗಿದ್ದನ್ನಷ್ಟೇ ಬರೆದಿಡುವುದು ಸಂಕೋಚನದ ಮೂಲತಂತ್ರ. ಕಪ್ಪು ಹಲಗೆ ಬಹಳ ಹೊತ್ತು ಬದಲಾಗುವುದಿಲ್ಲ, ಅದರ ಮುಂದೆ ಕೈ ಬೀಸುತ್ತಾ ಓಡಾಡುವ ಮೇಷ್ಟ್ರು ಕ್ಷಣಕ್ಷಣಕ್ಕೂ ಬದಲಾಗುತ್ತಾರೆ. ಅಂದರೆ ಆ 800 ಮೆಗಾಬೈಟಿನಲ್ಲಿ ಬಹುಪಾಲು ನನ್ನ ಓಡಾಟವೇ ಆಗಿತ್ತು. ಕ್ಯಾಮೆರಾವನ್ನು ಹಲಗೆಗೆ ಮಾತ್ರ ತಿರುಗಿಸಿ, ಸೆಕೆಂಡಿಗೆ 5 ಚಿತ್ರಗಳಿಗೆ ಇಳಿಸಿ, ಧ್ವನಿಯೂ ಸೇರಿ ಸೆಕೆಂಡಿಗೆ 250 ಕಿಲೋಬಿಟ್ಟಿನೊಳಗೆ ಕೂರಿಸಿದಾಗ ಪಾಠ ಸುಮಾರು 84 ಮೆಗಾಬೈಟ್ ಆಯಿತು. ಅಕ್ಷರಗಳು ಮೊದಲಿನಷ್ಟೇ ಸ್ಪಷ್ಟವಾಗಿದ್ದವು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಧ್ವನಿಯನ್ನು ಮಾತ್ರ ಓಪಸ್ ಎಂಬ ವಿಧಾನದಲ್ಲಿ 24 ಕಿಲೋಬಿಟ್ಟಿಗೆ ಅಡಕಗೊಳಿಸಿ, ಹಲಗೆಯ ಹತ್ತು ಛಾಯಾಚಿತ್ರಗಳನ್ನು ಜೊತೆಗಿಟ್ಟೆ. ಒಟ್ಟು 9 ಮೆಗಾಬೈಟ್. ಇದಾದರೆ 120 ಮಂದಿ ಬೇರೆ ಬೇರೆಯಾಗಿ ದೂರದಿಂದಲೇ ಇಳಿಸಿಕೊಂಡರೂ ಮೂರು ನಿಮಿಷದ ಮಾತು. ಬಾನುಲಿಯಲ್ಲಿ ಕುಳಿತು ಹೇಳುತ್ತಿದ್ದೇನೆಂದಲ್ಲ, ಕಲಿಸುವ ವಿಷಯದಲ್ಲಿ ಧ್ವನಿಗೆ ಮೊದಲ ಮಣೆ ಹಾಕಬೇಕೆಂಬುದು ನನ್ನ ಅಭಿಪ್ರಾಯ: ಚಿತ್ರ ಮಸುಕಾದರೆ ಸಹಿಸಿಕೊಳ್ಳುತ್ತಾರೆ, ಮಾತು ತುಂಡಾದರೆ ಎದ್ದು ಹೋಗುತ್ತಾರೆ.

ಹೊಸ ಸಂಕೋಚನ ವಿಧಾನಗಳನ್ನು ಏಕೆ ಬಳಸಲಿಲ್ಲವೆಂದು ತಿಳಿದವರು ಕೇಳಬಹುದು. 2003ರ ಎಚ್.264ಕ್ಕೆ ಹೋಲಿಸಿದರೆ 2013ರ ಎಚ್.265 ಅದೇ ಗುಣಮಟ್ಟವನ್ನು ಸುಮಾರು ಅರ್ಧ ಬಿಟ್‌ಗಳಲ್ಲಿ ಕೊಡುತ್ತದೆ. 2018ರ ಎವಿ1 ಇನ್ನೂ ಮುಂದಿದೆ. ಆದರೆ ಬಿಡಿಸಿ ತೋರಿಸುವ ಶ್ರಮ ನೋಡುವವನ ಫೋನಿನ ಮೇಲೆ ಬೀಳುತ್ತದೆ. ಅಣ್ಣನಿಂದ ಬಂದ ಹಳೆಯ ಫೋನಿಟ್ಟುಕೊಂಡ ಹುಡುಗನಿಗೆ ಅದು ಬ್ಯಾಟರಿ ಕುಡಿಯುವ, ಬಿಸಿಯಾಗುವ ವಿಡಿಯೋ. ಹಾಗಾಗಿ ಎಚ್.264 ಬಿಡಲಿಲ್ಲ.

ಮೂರು ಗಾತ್ರದ ಪ್ರತಿಗಳನ್ನೂ ಇಟ್ಟುಕೊಂಡೆವು. ಇದು ನಮ್ಮ ಬುದ್ಧಿವಂತಿಕೆಯಲ್ಲ. ಆ್ಯಪಲ್ ಸಂಸ್ಥೆ 2009ರಲ್ಲಿ ತಂದ ಎಚ್‌ಎಲ್‌ಎಸ್, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಡ್ಯಾಶ್, ವಿಡಿಯೋ ಕಳುಹಿಸುವ ಈ ಎರಡೂ ವಿಧಾನಗಳು ಇದೇ ನಂಬಿಕೆಯ ಮೇಲೆ ನಿಂತಿವೆ. ವಿಡಿಯೋವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸಿಡುತ್ತಾರೆ. ನೋಡುವವನ ಫೋನು ಹಿಂದಿನ ತುಣುಕು ಎಷ್ಟು ಬೇಗ ಬಂತೆಂದು ಅಳೆದು ಮುಂದಿನದನ್ನು ಆರಿಸಿಕೊಳ್ಳುತ್ತದೆ. ನೀವು ನೋಡುತ್ತಿರುವ ಚಿತ್ರ ಇದ್ದಕ್ಕಿದ್ದಂತೆ ಮಬ್ಬಾಗಿ ಮತ್ತೆ ತಿಳಿಯಾದರೆ ಅದು ದೋಷವಲ್ಲ, ತುಂಬಿದ ದಾರಿಯಲ್ಲಿ ನಿಮ್ಮ ಫೋನು ಪಕ್ಕಕ್ಕೆ ಸರಿದು ಜಾಗ ಬಿಟ್ಟದ್ದು. 2020ರ ಮಾರ್ಚಿನಲ್ಲಿ ದೇಶವೆಲ್ಲ ಮನೆಯೊಳಗೆ ಕುಳಿತಾಗ ಭಾರತದ ದೊಡ್ಡ ವಿಡಿಯೋ ಸೇವೆಗಳು ಮೊಬೈಲ್ ಜಾಲಗಳಲ್ಲಿ ಕೆಲವು ವಾರ 480 ಗೆರೆಗಳ ಗುಣಮಟ್ಟವನ್ನು ಮೀರುವುದಿಲ್ಲವೆಂದು ಒಪ್ಪಿಕೊಂಡವು. ಮೆಟ್ಟಿಲುಗಳು ಮೊದಲೇ ಸಿದ್ಧವಿದ್ದುದರಿಂದ ಮೇಲಿನವನ್ನು ಮುಚ್ಚಿದರೆ ಸಾಕಾಯಿತು.

ಇನ್ನು ಕೆರೆಯ ಮಾತು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಒಂದರ ಕೋಡಿಯ ನೀರು ಇನ್ನೊಂದಕ್ಕೆ ಇಳಿಯುವಂತೆ ಕೆರೆಗಳ ಸಾಲನ್ನೇ ಕಟ್ಟಿದರು. ನೀರು ಬೇಕಾದಾಗ ದೂರದಿಂದ ತರುವುದಲ್ಲ, ಬಂದಾಗ ಗದ್ದೆಯ ತಲೆಯಲ್ಲೇ ನಿಲ್ಲಿಸಿಕೊಳ್ಳುವುದು. ಅಂತರಜಾಲದಲ್ಲಿ ಈ ವ್ಯವಸ್ಥೆಯನ್ನು ವ್ಯಾಪಾರವಾಗಿ ಬೆಳೆಸಿದವರಲ್ಲಿ ಮೊದಲಿಗರು ಟಾಮ್ ಲೇಟನ್ ಮತ್ತು ಡೇನಿಯಲ್ ಲೆವಿನ್; ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಈ ಇಬ್ಬರು 1998ರಲ್ಲಿ ಅಕಮೈ ಸಂಸ್ಥೆಯನ್ನು ಕಟ್ಟಿ, ಜನ ಕೇಳುವ ಕಡತಗಳ ಪ್ರತಿಗಳನ್ನು ಜನರ ಹತ್ತಿರದ ಸರ್ವರುಗಳಲ್ಲಿ ಇಡತೊಡಗಿದರು. ಅದು ಕೆರೆಯಾದರೆ ನಮ್ಮದು ಪುಟ್ಟ ಕುಂಟೆ. ಕಚೇರಿಯವರು ಮೂಲೆಗೆ ಹಾಕಿದ್ದ ಒಂದು ಗಣಕವನ್ನು ಹಾಸ್ಟೆಲಿನ ಮೆಟ್ಟಿಲ ಕೆಳಗಿಟ್ಟೆವು. ಹೊಸ ಪಾಠಗಳು ಬೆಳಗಿನ ಜಾವ, ದಾರಿ ಖಾಲಿಯಿರುವಾಗ, ಒಂದೇ ಒಂದು ಸಲ ಅದಕ್ಕೆ ಬಂದಿಳಿಯುತ್ತವೆ. ನಡುವೆ ಕರೆಂಟ್ ಹೋದರೆ ನಿಂತಲ್ಲಿಂದಲೇ ಮುಂದುವರಿಯುತ್ತವೆ. ವಿದ್ಯಾರ್ಥಿಗಳು ಕಟ್ಟಡದೊಳಗಿನ ವೈಫೈಯಿಂದ ತೆಗೆದುಕೊಳ್ಳುತ್ತಾರೆ. ಹೊರಗಿನ ಸಂಪರ್ಕಕ್ಕೆ ಅದರ ಸುಳಿವೂ ಸಿಗುವುದಿಲ್ಲ.

ಇದಕ್ಕೂ ಹಿಂದೆ ಹುಡುಗರು ತಮ್ಮದೇ ಪರಿಹಾರ ಕಂಡುಕೊಂಡಿದ್ದರೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಶನಿವಾರ ಬೆಂಗಳೂರಿಗೆ ಹೋದವನು 64 ಗಿಗಾಬೈಟಿನ ಪೆನ್‌ಡ್ರೈವ್ ತುಂಬಿಸಿಕೊಂಡು ಬಸ್ಸಿನಲ್ಲಿ ಬರುತ್ತಿದ್ದ. ಪ್ರಯಾಣ ಎರಡು ಗಂಟೆ ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ 71 ಮೆಗಾಬಿಟ್. ನಮ್ಮ ತಂತಿಗಿಂತ ಕೆಂಪು ಬಸ್ಸೇ ವೇಗವಾಗಿತ್ತು.

ಎಲ್ಲಕ್ಕೂ ಈ ಮೆಟ್ಟಿಲ ಕೆಳಗಿನ ಕೆರೆ ಸಾಲುವುದಿಲ್ಲ. ಕ್ರಿಕೆಟ್ ಪಂದ್ಯ ಬೆಳಗಿನ ಜಾವವೇ ತಂದಿಡುವ ಸರಕಲ್ಲ. ಇಂದು ಬಹುತೇಕ ವಿಡಿಯೋಗಳು ಗೂಢಲಿಪಿಯಲ್ಲಿ ಬರುವುದರಿಂದ, ನಡುವೆ ಕುಳಿತ ನಮ್ಮ ಗಣಕ ಅವನ್ನು ಗುರುತಿಸಿ ಉಳಿಸಿಕೊಳ್ಳಲಾರದು. ಒಂದೇ ಪ್ರವಾಹವನ್ನು ಬೇಕಾದವರಿಗೆಲ್ಲ ದಾರಿಯಲ್ಲೇ ಕವಲೊಡೆಸುವ ಮಲ್ಟಿಕಾಸ್ಟ್ ವಿಧಾನವನ್ನು ಗಣಕ ವಿಜ್ಞಾನಿ ಸ್ಟೀವ್ ಡೀರಿಂಗ್ 1980ರ ದಶಕದಲ್ಲೇ ರೂಪಿಸಿದ್ದರೂ, ದಾರಿಯ ಪ್ರತಿ ರೌಟರೂ ಪ್ರತಿ ಸಂಸ್ಥೆಯೂ ಒಪ್ಪಬೇಕಾದ ಆ ಏರ್ಪಾಡು ಸಾರ್ವಜನಿಕ ಅಂತರಜಾಲದಲ್ಲಿ ಬೇರೂರಲಿಲ್ಲ. ಇದೇ ಜಿಲ್ಲೆಯ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಸಮುದಾಯ ಕೇಂದ್ರದವರು, ಪ್ರಸಾರದ ಪರವಾನಗಿ ಸಿಗದ ಕಾಲದಲ್ಲಿ, ಊರಿನ ಕೇಬಲ್ ಟಿವಿ ತಂತಿಯಲ್ಲೇ ಧ್ವನಿ ಹರಿಸಿ ಮನೆಮನೆ ಮುಟ್ಟಿಸಿದ್ದರು. ಅಲ್ಲಿ ಎಷ್ಟು ಮನೆಯವರು ಕೇಳಿದರೂ ತಂತಿಗೆ ಭಾರವಾಗುತ್ತಿರಲಿಲ್ಲ. ಈಗ ನನ್ನ ಮಾತನ್ನು ಹೊತ್ತ ತರಂಗಕ್ಕೂ ಆಗುವುದಿಲ್ಲ.

ಪಂದ್ಯದ ರಾತ್ರಿಗಳಂದು 120 ಫೋನುಗಳು ಒಟ್ಟಿಗೆ ತೆರೆದುಕೊಳ್ಳುವುದನ್ನು ತಡೆಯಲು ನಾನು ಮಾಡಿದ ಯಾವ ತಂತ್ರವೂ ನಡೆಯಲಿಲ್ಲ. ಕೊನೆಗೆ ವಾರ್ಡನ್ನರು ತಮ್ಮ ಖರ್ಚಿನಲ್ಲಿ ಊಟದ ಹಾಲಿನ ಗೋಡೆಗೆ ಸುಣ್ಣ ಹೊಡೆಸಿ, ಒಂದು ಪ್ರೊಜೆಕ್ಟರ್ ತಂದಿಟ್ಟರು.

ನಮಸ್ಕಾರ.