ಸೇವ್ ಒತ್ತಿದ ಕೂಡಲೇ

ಕೇಳುಗರೆಲ್ಲರಿಗೂ ನಮಸ್ಕಾರ.

ಒಂದು ಆ್ಯಪ್‌ನಲ್ಲಿ ನಾಲ್ಕು ಪುಟದ ಅರ್ಜಿ ಇದೆ ಅಂದುಕೊಳ್ಳಿ. ಕೊನೇ ಪುಟದಲ್ಲಿ ತಪ್ಪು ಇಮೇಲ್ ಹಾಕಿದರೆ ಕೆಂಪಕ್ಷರದಲ್ಲಿ ಎಚ್ಚರಿಕೆ ಬರಬೇಕು. ಬರುತ್ತಿದೆ, ಆದರೆ ಅದರ ಅರ್ಧ ಭಾಗ ಬಟನ್ನಿನ ಹಿಂದೆ ಅಡಗಿದೆ. ಕೋಡ್‌ನಲ್ಲಿ ಒಂದು ಅಂಕಿ ತಿದ್ದಿದರೆ ಸಾಕು. ತಿದ್ದಿದಿರಿ. ಈಗ ಆ್ಯಪ್ ಮತ್ತೆ ಬಿಲ್ಡ್ ಆಗಬೇಕು, ಅಂದರೆ ಕೋಡ್‌ನಿಂದ ಹೊಸದಾಗಿ ತಯಾರಾಗಬೇಕು. ನೀವು ಲಾಗಿನ್ ಆಗಬೇಕು, ಮೂರು ಪುಟ ತುಂಬಬೇಕು, ಬೇಕಂತಲೇ ತಪ್ಪು ಇಮೇಲ್ ಹಾಕಬೇಕು. ಅಷ್ಟೆಲ್ಲ ಮಾಡಿ ನೋಡಿದರೆ ಅಕ್ಷರ ಇನ್ನೂ ಎರಡು ಪಿಕ್ಸೆಲ್ ಕೆಳಗೇ ಇದೆ. ಮತ್ತೆ ಮೊದಲಿಂದ!

ಈ ಕಾಟ ತಪ್ಪಿಸೋದು ಹಾಟ್ ರೀಲೋಡ್. ನೀವು ಸೇವ್ ಒತ್ತಿದ ಕೂಡಲೇ, ಫೈಲುಗಳನ್ನು ಕಾಯುತ್ತ ಕೂತ ಪುಟ್ಟ ಪ್ರೋಗ್ರಾಂಗೆ ಸುದ್ದಿ ಮುಟ್ಟುತ್ತದೆ. ವೆಬ್ ಕೆಲಸವಾದರೆ, ಯಾವ ಮಾಡ್ಯೂಲ್, ಅಂದರೆ ಕೋಡ್‌ನ ಯಾವ ತುಂಡು, ಬದಲಾಯಿತು ಅನ್ನೋದನ್ನು ಅದು ವೆಬ್‌ಸಾಕೆಟ್ ಅನ್ನೋ ಸದಾ ತೆರೆದಿರುವ ಸಂಪರ್ಕದ ಮೂಲಕ ಬ್ರೌಸರ್‌ಗೆ ತಿಳಿಸುತ್ತದೆ. ಬ್ರೌಸರ್ ಅಷ್ಟನ್ನೇ ತರಿಸಿಕೊಂಡು ಹಳೆಯದರ ಜಾಗದಲ್ಲಿ ಕೂರಿಸುತ್ತದೆ. ತುಂಬಿದ ಅರ್ಜಿ ಹಾಗೇ ಇರುತ್ತದೆ. ಕೆಂಪಕ್ಷರ ಮಾತ್ರ ಕಣ್ಣೆದುರೇ ಚೂರು ಮೇಲೆ ಸರಿಯುತ್ತದೆ. ಬರೀ ಲೈವ್ ರೀಲೋಡ್ ಆದರೆ ಇಡೀ ಪುಟವೇ ಹೊಸದಾಗಿ ತೆರೆದುಕೊಳ್ಳುತ್ತದೆ, ತುಂಬಿದ್ದು ಸಾಮಾನ್ಯವಾಗಿ ಹೋಗಿಬಿಡುತ್ತದೆ.

ಸಮಯ ಉಳಿಯುತ್ತದೆ, ನಿಜ. ನನಗೆ ಅದಕ್ಕಿಂತ ಜಾಸ್ತಿ ಬೆಲೆ ಅನ್ನಿಸೋದು ಯೋಚನೆಯ ಎಳೆ ಕಡಿಯದೇ ಉಳಿಯುವುದಕ್ಕೆ. ಕಂಪ್ಯೂಟರ್ ಒಂದು ಸೆಕೆಂಡಿನೊಳಗೆ ಉತ್ತರ ಕೊಟ್ಟರೆ ಯೋಚನೆ ಹರಿಯುತ್ತಲೇ ಇರುತ್ತದೆ, 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ ಅಂತ ಕಂಪ್ಯೂಟರ್ ಬಳಕೆ ಸುಲಭವಾಗಿಸುವ ಬಗೆಗಿನ ತಜ್ಞ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿದ್ದರು. ಎರಡು ನಿಮಿಷ ಬಿಲ್ಡ್ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಓಡುತ್ತಿರುವಾಗಲೇ ಕೋಡ್ ಬದಲಿಸುವ ಈ ಉಪಾಯ ಹೊಸದೇನಲ್ಲ. ಎರಿಕ್ಸನ್ ಕಂಪನಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಎರ್ಲಾಂಗ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗಾಗಿ ಮಾಡಿದ್ದು. ಕೋಡ್ ಬದಲಿಸಬೇಕು ಅಂತ ಮಾತಾಡುತ್ತಿರುವವರ ಕರೆ ಕತ್ತರಿಸಲು ಆಗುತ್ತದೆಯೇ? ಅದಕ್ಕೇ ಅದರಲ್ಲಿ ಒಂದು ಮಾಡ್ಯೂಲ್‌ನ ಹಳೇದು, ಹೊಸದು ಎರಡೂ ಒಟ್ಟಿಗೇ ಓಡಬಲ್ಲವು.

ಆದರೆ ಕಣ್ಮುಚ್ಚಿ ನಂಬಬೇಡಿ. ಆ್ಯಪ್ ಕಟ್ಟಲು ಬಳಸುವ ಫ್ಲಟರ್‌ನಲ್ಲಿ ಹಾಟ್ ರೀಲೋಡ್ ಮಾಡಿದಾಗ, ಆ್ಯಪ್ ಶುರುವಾಗುವ ಜಾಗವಾದ ಮೇನ್ ಫಂಕ್ಷನ್ ಮತ್ತೆ ಓಡುವುದಿಲ್ಲ. ಅಲ್ಲಿ ಮಾಡಿದ ಬದಲಾವಣೆ ಕಾಣಬೇಕಾದರೆ ರೀಸ್ಟಾರ್ಟ್ ಬೇಕೇ ಬೇಕು. ನಾನೂ ಒಮ್ಮೆ ಪೆಟ್ಟು ತಿಂದಿದ್ದೇನೆ. ವೆಬ್ ಪುಟದಲ್ಲಿ ಸೆಕೆಂಡ್ ಎಣಿಸುವ ಗಡಿಯಾರ ಬರೆಯುತ್ತಿದ್ದೆ. ಮೂರು ಸಲ ಸೇವ್ ಮಾಡುವಷ್ಟರಲ್ಲಿ ಅದು ಸೆಕೆಂಡಿಗೆ ನಾಲ್ಕು ಅಂಕಿ ಹಾರತೊಡಗಿತು. ಲೆಕ್ಕದಲ್ಲಿ ತಪ್ಪಿದೆ ಅಂತ ಇಡೀ ಸಂಜೆ ಹುಡುಕಿದೆ. ಲೆಕ್ಕ ಸರಿಯಾಗೇ ಇತ್ತು. ಪ್ರತಿ ಸೇವ್‌ಗೂ ಹೊಸ ಟೈಮರ್ ಶುರುವಾಗುತ್ತಿತ್ತು, ಹಳೇದನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ಮಾಡ್ಯೂಲ್ ಜಾಗ ಬಿಡುವಾಗ ತನ್ನ ಟೈಮರ್ ನಿಲ್ಲಿಸಿ ಹೋಗುವಂತೆ ಎರಡು ಸಾಲು ಸೇರಿಸಿದೆ. ಪುಟವನ್ನು ಒಮ್ಮೆ ಪೂರ್ತಿ ರೀಲೋಡ್ ಮಾಡಿದೆ. ಆಮೇಲೆ ಸುಮ್ನೆ ಹತ್ತು ಸಲ ಸೇವ್ ಒತ್ತಿ ನೋಡಿದೆ. ಸೆಕೆಂಡಿಗೆ ಒಂದೇ ಅಂಕಿ.

ನಮಸ್ಕಾರ.