ಮನೆಯೊಳಗಿನ ಮುಳ್ಳುಂಡೆ

ಕೇಳುಗರಿಗೆ ನಮಸ್ಕಾರ.

ಮೂರು ವರ್ಷದ ಹಿಂದೆ ದಾವಣಗೆರೆಯ ನಮ್ಮ ಬೀದಿಯಲ್ಲಿ ಒಂದು ಸುದ್ದಿ ಹಬ್ಬಿತು. ಟೀಚರ್ ಮನೆಯಲ್ಲಿ ಮುಳ್ಳುಹಂದಿ ಸಾಕಿದ್ದಾರೆ ಅಂತ. ಹಾಲು ಹಾಕುವ ಹುಡುಗ ಗೇಟಿನ ಹೊರಗೇ ನಿಂತು ಪ್ಯಾಕೆಟ್ ಕೊಡಲು ಶುರು ಮಾಡಿದ. ನಮ್ಮ ಅತ್ತೆ ಎರಡು ದಿನ ಅಡುಗೆಮನೆ ಬಿಟ್ಟು ಈಚೆಗೆ ಬರಲಿಲ್ಲ. "ಹಂದಿ ತಂದು ಮನೇಲಿ ಇಟ್ಕಂಡಿದೀಯಲ್ಲೇ, ನಾಳೆ ಜನ ಏನಂದಾರು?" ಅನ್ನುವುದು ಅವರ ಚಿಂತೆ.

ಬಂದದ್ದು ಹಂದಿ ಅಲ್ಲ. ಮುಳ್ಳುಹಂದಿಯೂ ಅಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಹೆಡ್ಜ್‌ಹಾಗ್ ಅಂತಾರೆ. ಅಂಗೈಯಲ್ಲಿ ಹಿಡಿಯುವ ಪ್ರಾಣಿ, ತೂಕ ಅರ್ಧ ಕೆಜಿಯೊಳಗೆ. ನಮ್ಮ ಜೋಗಿಮಟ್ಟಿ ಕಡೆಯ ಕಾಡಿನ ಮುಳ್ಳುಹಂದಿ 10 ಕೆಜಿ ದಾಟುವ ದೊಡ್ಡ ಜೀವ. ಅದು ಇಲಿ, ಅಳಿಲುಗಳ ಜಾತಿಗೆ ಸೇರಿದ್ದು, ಗೆಡ್ಡೆಗೆಣಸು ತಿಂದು ಬದುಕುತ್ತದೆ. ನಮ್ಮ ಮನೆಗೆ ಬಂದದ್ದು ಹುಳ ತಿನ್ನುವ ಜಾತಿ. ಮೂತಿ ಉದ್ದದ ಸೊಂಡಿಲಿ ಇದೆಯಲ್ಲ, ರಾತ್ರಿ ಗೋಡೆಯ ಬುಡದಲ್ಲಿ ಕೀಚು ಕೀಚು ಅಂತ ಓಡುತ್ತದಲ್ಲ, ಅದಕ್ಕೆ ಇದು ದೂರದ ನೆಂಟ. ತಮಿಳಿನವರು ಮುಳ್ಳೆಲಿ ಅಂತಾರೆ. ಹಾಗೆ ನೋಡಿದರೆ ಇದು ಇಲಿಯೂ ಅಲ್ಲ, ಆದರೂ ಹಂದಿ ಅನ್ನುವುದಕ್ಕಿಂತ ಎಷ್ಟೋ ವಾಸಿ. ನಾವು ಮನೆಯಲ್ಲಿ ಉಂಡೆ ಅಂತ ಕರೆದೆವು. ಮಂಡಕ್ಕಿ ಉಂಡೆಯ ಊರಿನವರು ನಾವು, ಬೇರೆ ಹೆಸರು ಹೊಳೆಯಲಿಲ್ಲ.

ತಂದವನು ನನ್ನ ತಂಗಿಯ ಮಗ. ಬೆಂಗಳೂರಿನಲ್ಲಿ ಕೆಲಸ. ಕಂಪನಿಯವರು ಹೊರದೇಶಕ್ಕೆ ಕಳಿಸಿದರು. "ದೊಡ್ಡಮ್ಮ, ಆರೇ ತಿಂಗಳು ನೋಡ್ಕೋ. ನೀನು ಬಯಾಲಜಿ ಟೀಚರ್ ಅಲ್ವಾ" ಅಂದ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿದವಳಿಗೆ ಆ ಮಾತು ಸಾಕಾಯಿತು. ಆರು ತಿಂಗಳು ಹೋಗಿ ಮೂರು ವರ್ಷವಾಯಿತು. ಅವನು ಬರುತ್ತಾನೆ, ಹೋಗುತ್ತಾನೆ, ಉಂಡೆ ಇಲ್ಲೇ ಇದೆ.

ಇದು ಆಫ್ರಿಕಾ ಮೂಲದ ಪುಟ್ಟ ತಳಿ. ಅಲ್ಲಿನ ಒಣ ಹುಲ್ಲುಗಾವಲಿನ ಜೀವ. ಅಮೆರಿಕ, ಯೂರೋಪುಗಳಲ್ಲಿ ಸಾಕಿ, ಮರಿ ಮಾಡಿಸಿ, ಈಗ ನಮ್ಮ ದೊಡ್ಡ ಊರುಗಳಿಗೂ ಬಂದಿದೆ. ಮೈಮೇಲೆ ಸುಮಾರು 5000 ಮುಳ್ಳು. ಮುಳ್ಳು ಅಂದರೆ ಗಟ್ಟಿಯಾದ ಕೂದಲೇ, ಒಳಗೆ ಟೊಳ್ಳು. ಮುಳ್ಳುಹಂದಿಯ ಮುಳ್ಳಿನ ಹಾಗೆ ಕಳಚಿ ನಮ್ಮ ಕೈಯಲ್ಲಿ ನೆಟ್ಟುಕೊಳ್ಳುವುದಿಲ್ಲ. ಅಂದ ಹಾಗೆ, ಮುಳ್ಳುಹಂದಿ ಬಾಣ ಬಿಟ್ಟ ಹಾಗೆ ಮುಳ್ಳು ಎಸೆಯುತ್ತದೆ ಅಂತ ಹಳ್ಳಿಯಲ್ಲಿ ಈಗಲೂ ಹೇಳುತ್ತಾರೆ. ಅದೂ ಸುಳ್ಳು. ಹಿಂದಕ್ಕೆ ನುಗ್ಗಿ ಚುಚ್ಚುತ್ತದೆ, ಅಷ್ಟೆ.

ಹೆದರಿದರೆ ಉಂಡೆ ಏನು ಮಾಡುತ್ತದೆ? ಎಲೆಯಡಿಕೆ ಸಂಚಿಯ ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುತ್ತದಲ್ಲ, ಹಾಗೆ. ಬೆನ್ನಿನ ಚರ್ಮದ ಅಂಚಿನಲ್ಲಿ ಸುತ್ತಲೂ ಒಂದು ಮಾಂಸದ ಪಟ್ಟಿ ಇದೆ. ಅದನ್ನು ಬಿಗಿ ಮಾಡಿದರೆ ಮೂತಿ, ಕಾಲು, ಹೊಟ್ಟೆ ಎಲ್ಲ ಒಳಗೆ. ಹೊರಗೆ ಬರೀ ಮುಳ್ಳು. ಜೊತೆಗೆ ಪುಸ್ ಪುಸ್ ಅಂತ ಬುಸುಗುಟ್ಟುತ್ತದೆ. ಮೊದಲ ವಾರ ನಾನು ಹತ್ತಿರ ಹೋದಾಗಲೆಲ್ಲ ಇದೇ ಪಾಡು. ಮುಖವನ್ನೇ ನೋಡಲಿಲ್ಲ.

ಆಗ ನಾನು ಮಾಡಿದ ತಪ್ಪು ಏನೆಂದರೆ, ತೋಟದ ಕೆಲಸದ ಗ್ಲೌಸ್ ಹಾಕಿಕೊಂಡು ಎತ್ತುತ್ತಿದ್ದೆ. ಇದರ ಕಣ್ಣು ಮಂದ. ಲೋಕವನ್ನೆಲ್ಲ ಮೂಗಿನಿಂದಲೇ ತಿಳಿಯುತ್ತದೆ. ಗ್ಲೌಸ್ ಹಾಕಿದರೆ ಅದಕ್ಕೆ ನನ್ನ ವಾಸನೆ ಸಿಗುವುದು ಹೇಗೆ? ತಂಗಿಯ ಮಗ ಫೋನಿನಲ್ಲಿ ಹೇಳಿಕೊಟ್ಟ. ನಾನು ಉಟ್ಟು ಹಳೆಯದಾದ ಕಾಟನ್ ಸೀರೆಯ ತುಂಡನ್ನು ಅದರ ಗೂಡಿನಲ್ಲಿ ಹಾಕಿದೆ. ರಾತ್ರಿ ಎಂಟಕ್ಕೆ, ಟೀವಿ ಆರಿಸಿ, ಎರಡೂ ಅಂಗೈಯನ್ನು ಅದರ ಹೊಟ್ಟೆಯ ಕೆಳಗೆ ಮೆಲ್ಲಗೆ ಜಾರಿಸಿ ಎತ್ತಿ, ಮಡಿಲಲ್ಲಿ ಬಿಟ್ಟುಕೊಂಡು ಸುಮ್ನೆ ಕೂತೆ. ಹೊಟ್ಟೆಯ ಕಡೆ ಮುಳ್ಳಿಲ್ಲ, ಮೆತ್ತನೆ ಕೂದಲು. ಮೇಲಿನಿಂದ ಕೈ ಹಾಕಿದರೆ ಹದ್ದು ಬಂದಂತೆ ಅದಕ್ಕೆ. ಮೊದಲು ಅರ್ಧ ಗಂಟೆ ಬುಸುಬುಸು. ಹದಿನೆಂಟನೆಯ ದಿನವೋ ಇಪ್ಪತ್ತನೆಯ ದಿನವೋ, ಮೂತಿ ಹೊರಗೆ ಬಂತು. ನನ್ನ ಬಳೆ ಮೂಸಿತು. ಆಮೇಲೆ ಸೆರಗಿನೊಳಗೆ ನುಸುಳಿ ನಿದ್ದೆ ಹೋಯಿತು.

ನಾಯಿಯ ಹಾಗೆ ಇದು ಬಾಲ ಆಡಿಸುವುದಿಲ್ಲ. ಬೆಕ್ಕಿನ ಹಾಗೆ ಕಾಲಿಗೆ ಉಜ್ಜುವುದಿಲ್ಲ. ಕಾಡಿನಲ್ಲೂ ಒಂಟಿಯಾಗಿ ಇರುವ ಜೀವ. ಜೊತೆಗೆ ಇನ್ನೊಂದನ್ನು ತಂದು ಬಿಟ್ಟರೆ ಕಚ್ಚಾಡುತ್ತವೆ. ನಮ್ಮನ್ನು ಅದು ಸಹಿಸಿಕೊಳ್ಳುತ್ತದೆ, ಅಷ್ಟು ಮಾತ್ರ. ಅದು ಸಾಕು ಅನ್ನಿಸುವವರು ತರಬಹುದು. ಮಕ್ಕಳು ಮುದ್ದಾಡಲಿ ಅಂತ ತರುವವರಿಗೆ ನಾನು ಬೇಡವೇ ಬೇಡ ಅನ್ನುತ್ತೇನೆ. ಮಕ್ಕಳು ಎದ್ದಿರುವ ಹೊತ್ತು ಅದಕ್ಕೆ ನಿದ್ದೆಯ ಹೊತ್ತು.

ಒಂದು ದಿನ ಗಾಬರಿಯಾದದ್ದು ಹೇಳಬೇಕು. ಸಾರಿಗೆ ಇಂಗಿನ ಒಗ್ಗರಣೆ ಹಾಕಿ, ಕೈ ಸರಿಯಾಗಿ ತೊಳೆಯದೆ ಉಂಡೆಯನ್ನು ಎತ್ತಿಕೊಂಡೆ. ಅದು ನನ್ನ ಬೆರಳನ್ನು ನೆಕ್ಕಿತು. ಆಮೇಲೆ ಬಾಯಿ ಮೆಲುಕು ಹಾಕಿದಂತೆ ಮಾಡಿ ನೊರೆ ಬರಿಸಿತು. ಕತ್ತನ್ನು ಹಿಂದಕ್ಕೆ ತಿರುಚಿ, ಆ ನೊರೆಯನ್ನು ನಾಲಿಗೆಯಿಂದ ಬೆನ್ನಿನ ಮುಳ್ಳಿಗೆ ಬಳಿಯತೊಡಗಿತು. ಬಾಯಲ್ಲಿ ನೊರೆ ನೋಡಿ ನನಗೆ ನಾಯಿಹುಚ್ಚು ನೆನಪಾಯಿತು. ಫೋನು ಮಾಡಿದರೆ ಆ ಹುಡುಗ ನಗುತ್ತಾನೆ. ಹೊಸ ವಾಸನೆ ಸಿಕ್ಕಾಗಲೆಲ್ಲ ಇವು ಹೀಗೆ ಮಾಡುತ್ತವಂತೆ. ಯಾಕೆ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ. ಅವತ್ತಿನಿಂದ ವಾಸನೆ ಇಲ್ಲದ ಸೋಪಿನಲ್ಲಿ ಕೈ ತೊಳೆದೇ ಎತ್ತುವುದು, ಒಗ್ಗರಣೆಯ ಕೈ ದೂರ.

ಇನ್ನು ಊಟ. ನಮ್ಮದು ಮೊಟ್ಟೆಯನ್ನೂ ತರದ ಮನೆ. ಕೊಟ್ಟ ಅಂಗಡಿಯವರು ಹುಡುಗನಿಗೆ ಹಾಲು, ಹಣ್ಣು, ತರಕಾರಿ ಹಾಕಿ ಸಾಕು ಅಂತ ಹೇಳಿ ಕಳಿಸಿದ್ದರು. ಎಂಥಾ ಮೋಸ ನೋಡಿ. ಇದಕ್ಕೆ ಹಾಲು ಅರಗುವುದೇ ಇಲ್ಲ, ಭೇದಿ ಹತ್ತುತ್ತದೆ. ಹುಳಹುಪ್ಪಟೆ ತಿನ್ನುವ ಜೀವಕ್ಕೆ ಅನ್ನ, ಮುದ್ದೆ, ಮಂಡಕ್ಕಿ ಹಾಕಿ ಸಾಕಲು ಆಗುವುದಿಲ್ಲ. ಕೊಬ್ಬು ಕಡಿಮೆ ಇರುವ, ಮಾಂಸದ ಅಂಶ ಜಾಸ್ತಿ ಇರುವ ಬೆಕ್ಕಿನ ಒಣ ಆಹಾರ ದಿನಕ್ಕೆ ಒಂದೆರಡು ಚಮಚ, ಮೇಲೆ ನಾಲ್ಕೈದು ಹಿಟ್ಟಿನ ಹುಳ. ಆ ಹುಳಗಳನ್ನೂ ಮನೆಯಲ್ಲೇ ಡಬ್ಬಿಯಲ್ಲಿ ಸಾಕಬೇಕು, ಗೋಧಿ ತೌಡು ಹಾಕಿ. ನಮ್ಮ ಅತ್ತೆ ಆ ಡಬ್ಬಿ ನೋಡಿದ ದಿನ ನಾನು ಮನೆಯಲ್ಲಿ ಇರಲಿಲ್ಲ, ಪುಣ್ಯ. ಹುಳದ ಡಬ್ಬಿ ಸಹಿಸದ ಮನೆಗೆ ಈ ಪ್ರಾಣಿ ಬರಬಾರದು. ಹೊಲದ ಹುಳ ಹಿಡಿದು ತಂದು ಹಾಕುತ್ತೇನೆ ಅನ್ನುವವರಿದ್ದಾರೆ. ಹತ್ತಿಗೂ ಮೆಕ್ಕೆಜೋಳಕ್ಕೂ ನಾವು ಹೊಡೆಯುವ ಔಷಧಿ ಆ ಹುಳದ ಮೈಯಲ್ಲಿರುತ್ತದೆ, ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ವಿಷ ಇದ್ದ ಹಾಗೆ. ಚಳ್ಳಕೆರೆಯ ನೆಂಟರೊಬ್ಬರು ಪ್ರೀತಿಯಿಂದ ಹುರಿದ ಶೇಂಗಾ ಕೊಡಲು ಹೋದರು. ಎಣ್ಣೆ ಗಾಣಗಳ ಊರಿನವರು, ಅವರಿಗೆ ಶೇಂಗಾ ಅಂದರೆ ಸರ್ವಸ್ವ. ಆದರೆ ಅರ್ಧ ಶೇಂಗಾ ಬೀಜ ಇದರ ಬಾಯಿಯ ಮೇಲುಭಾಗಕ್ಕೆ ಸಿಕ್ಕಿಕೊಂಡರೆ ಊಟವೇ ನಿಂತುಹೋಗುತ್ತದೆ.

ಇದೆಲ್ಲ ಕಲಿಯಬಹುದು. ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ನಮ್ಮ ಹವೆ.

ಉಂಡೆಗೆ ಬೇಕಾದದ್ದು 24ರಿಂದ 27 ಡಿಗ್ರಿ. ನಮ್ಮ ದಾವಣಗೆರೆಯಲ್ಲಿ ಏಪ್ರಿಲ್ ಮಧ್ಯಾಹ್ನ ಬಿಸಿಲು 38 ಮುಟ್ಟುತ್ತದೆ. ಡಿಸೆಂಬರ್ ಬೆಳಗಿನ ಜಾವ 15ರ ಹತ್ತಿರ ಇಳಿಯುತ್ತದೆ. ಎರಡೂ ಅದಕ್ಕೆ ಆಗದು. ಯೂರೋಪಿನ ಹೆಡ್ಜ್‌ಹಾಗ್ ಚಳಿಗಾಲವಿಡೀ ನಿದ್ದೆ ಮಾಡಿ ವಸಂತಕ್ಕೆ ಏಳುತ್ತದೆ. ಅದಕ್ಕೆಂದೇ ಮೈಯಲ್ಲಿ ಕೊಬ್ಬು ಕೂಡಿಟ್ಟಿರುತ್ತದೆ. ಆಫ್ರಿಕಾದ ಈ ಜಾತಿಯ ಮೈಗೆ ಆ ತಯಾರಿ ಇಲ್ಲ. ಚಳಿ ತಗುಲಿದರೆ ಇದೂ ಹಾಗೇ ಮಲಗಲು ಹೋಗುತ್ತದೆ, ಮತ್ತೆ ಏಳುವುದು ಕಷ್ಟ.

ಮೊದಲ ವರ್ಷದ ಡಿಸೆಂಬರಿನಲ್ಲಿ ಒಂದು ರಾತ್ರಿ ಕರೆಂಟು ಹೋಯಿತು. ಗೂಡಿಗೆ ಹಾಕಿದ್ದ ಹೀಟರ್ ಆರಿತು. ನಾನು ಕಂಬಳಿ ಹೊದ್ದು ಮಲಗಿದ್ದೆ, ಗೊತ್ತೇ ಆಗಲಿಲ್ಲ. ಬೆಳಿಗ್ಗೆ ನೋಡಿದರೆ ತಟ್ಟೆಯ ಊಟ ಹಾಗೇ ಇದೆ. ಎತ್ತಿದರೆ ಬುಸುಗುಟ್ಟಲಿಲ್ಲ. ಹೊಟ್ಟೆ ತಣ್ಣಗೆ, ಹಂಡೆಯ ನೀರಿನಲ್ಲಿ ಬಿದ್ದಿದ್ದ ಕಲ್ಲಿನ ಹಾಗೆ. ಸತ್ತೇ ಹೋಯಿತು ಅಂದುಕೊಂಡೆ. ಬಿಸಿ ನೀರಿಗೆ ಹಾಕಬಾರದು, ಒಲೆಯ ಹತ್ತಿರ ಇಡಬಾರದು, ಒಮ್ಮೆಗೇ ಕಾಯಿಸಿದರೆ ಜೀವ ತಡೆಯುವುದಿಲ್ಲ. ರವಿಕೆಯ ಕೆಳಗೆ ನನ್ನ ಹೊಟ್ಟೆಗೇ ಒತ್ತಿಕೊಂಡು, ಮೇಲೆ ಶಾಲು ಸುತ್ತಿ ಕೂತೆ. ಮುಳ್ಳು ಚುಚ್ಚಿದ ಗುರುತು ವಾರ ಇತ್ತು. ಒಂದೂವರೆ ಗಂಟೆಯ ಮೇಲೆ ಒಂದು ಕಾಲು ಅಲ್ಲಾಡಿತು. ಆ ಹೊತ್ತಿಗೆ ನಮ್ಮ ಅತ್ತೆ ಬಾಗಿಲಲ್ಲಿ ಬಂದು ನಿಂತಿದ್ದರು. "ಉಸಿರು ಐತೇನೇ?" ಅಂತ ಕೇಳಿದರು. ಐತೆ ಅಂದೆ. ಏನೂ ಹೇಳದೆ ಒಳಗೆ ಹೋಗಿ, ತಮ್ಮ ಕುಲಾವಿ ತಂದು ಕೊಟ್ಟರು. ಈಗಲೂ ಉಂಡೆ ಮಲಗುವುದು ಆ ಕುಲಾವಿಯಲ್ಲೇ. ಒಳಗಿನ ಬಿಟ್ಟುಹೋದ ದಾರಗಳನ್ನೆಲ್ಲ ಕತ್ತರಿಸಿದ್ದೇನೆ. ಒಂದು ಎಳೆ ಕಾಲಿಗೆ ಸುತ್ತಿಕೊಂಡರೂ ರಕ್ತ ನಿಂತು ಕಾಲೇ ಹೋಗುತ್ತದೆ.

ಈಗ ಹೀಟರಿಗೆ ಯುಪಿಎಸ್ ಇದೆ. ಬೆಳಕು ಬಾರದ, ಬರೀ ಶಾಖ ಕೊಡುವ ಪಿಂಗಾಣಿಯ ಬಲ್ಬು ಅದು. ರಾತ್ರಿ ಬೆಳಕಿದ್ದರೆ ಉಂಡೆ ಹೊರಗೇ ಬರುವುದಿಲ್ಲ. ಹಗಲಿನಲ್ಲಿ ಮಾತ್ರ 12 ಗಂಟೆಯಾದರೂ ಬೆಳಕು ಬೇಕು. ಹಗಲು ಗಿಡ್ಡ ಆದರೂ ಚಳಿಗಾಲ ಬಂತು ಅಂದುಕೊಳ್ಳುತ್ತದೆ. ಬೇಸಿಗೆಗೆ ಕಡಪ ಕಲ್ಲಿನ ತುಂಡೊಂದು ಗೂಡಿನಲ್ಲಿದೆ. ಮಧ್ಯಾಹ್ನ ಅದರ ಮೇಲೆ ಕಾಲು ಚಾಚಿ ಚಪ್ಪಟೆ ಬೀಳುತ್ತದೆ, ರೊಟ್ಟಿಯ ಹಾಗೆ. ಅದು ಹಾಗೆ ಬಿದ್ದರೆ ಸೆಕೆ ಜಾಸ್ತಿಯಾಗಿದೆ ಅಂತಲೇ ಅರ್ಥ. ಕೂಲರ್ ಹಾಕುತ್ತೇನೆ, ಗಾಳಿ ನೇರವಾಗಿ ಬೀಳದ ಹಾಗೆ.

ರಾತ್ರಿ ಹತ್ತಕ್ಕೆ ಚಕ್ರ ಶುರು. ಓಡಲು ಇದಕ್ಕೆ ಚಕ್ರ ಬೇಕೇ ಬೇಕು. ಇಲ್ಲದಿದ್ದರೆ ಬೊಜ್ಜು ಬರುತ್ತದೆ. ಕಾಡಿನಲ್ಲಿ ಹುಳ ಹುಡುಕುತ್ತಾ ರಾತ್ರಿಗೆ ಕಿಲೋಮೀಟರುಗಟ್ಟಲೆ ಅಲೆಯುವ ಜೀವ ಅಲ್ವಾ. ಒಂದಡಿ ಅಗಲದ್ದು, ತಳ ಮುಚ್ಚಿದ್ದು ಆಗಬೇಕು. ಸರಳಿನ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ. ಓಡುತ್ತಾ ಅದರಲ್ಲೇ ಗಲೀಜು ಮಾಡಿ, ಅದರ ಮೇಲೇ ಓಡುತ್ತದೆ. ಬೆಳಿಗ್ಗೆ ತೊಳೆಯುವ ಕೆಲಸ ನನ್ನದು, ಹಿತ್ತಲಿನ ನಲ್ಲಿಯಲ್ಲಿ. ಅಡುಗೆಮನೆಯ ಸಿಂಕಿನಲ್ಲಿ ಖಂಡಿತ ತೊಳೆಯಬೇಡಿ. ನೋಡಲು ಆರೋಗ್ಯವಾಗಿದ್ದರೂ ಇದರ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಅಮೆರಿಕದಲ್ಲಿ 2019ರಲ್ಲಿ ಸಾಕಿದ ಹೆಡ್ಜ್‌ಹಾಗ್‌ಗಳಿಂದಲೇ ಹಲವು ರಾಜ್ಯಗಳಲ್ಲಿ ಜನರಿಗೆ ಇದು ಹರಡಿತ್ತು. ಐದು ವರ್ಷದೊಳಗಿನ ಮಕ್ಕಳು, ತೀರಾ ವಯಸ್ಸಾದವರು ಮುಟ್ಟದಿರುವುದೇ ಒಳ್ಳೆಯದು. ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲಿ, ಮೂತಿಗೆ ಮುತ್ತು ಕೊಡುವುದು ಬೇಡ. ಚರ್ಮಕ್ಕೆ ಗಜಕರ್ಣವೂ ಇದರಿಂದ ಅಂಟಬಹುದು.

ಕಾಯಿಲೆ ಬಿದ್ದರೆ ಇನ್ನೊಂದು ಕಷ್ಟ. ನಮ್ಮ ಕಡೆಯ ಪಶುವೈದ್ಯರು ಎಮ್ಮೆ, ಕುರಿ, ನಾಯಿ ನೋಡಿ ಪಳಗಿದವರು. ಇದರ ಹೊಟ್ಟೆ ನೋಡಬೇಕಾದರೂ ಎಷ್ಟೋ ಸಲ ಮತ್ತಿನ ಗಾಳಿ ಕೊಡಬೇಕಾಗುತ್ತದೆ, ಎಚ್ಚರವಿದ್ದರೆ ಅದು ಬಿಚ್ಚಿಕೊಳ್ಳುವುದೇ ಇಲ್ಲವಲ್ಲ. ಬಂದಾಗ ಉಂಡೆಯ ಮೈತುಂಬ ನುಸಿ ಇತ್ತು, ಮುಳ್ಳು ಉದುರುತ್ತಿತ್ತು. ಬುಟ್ಟಿಯಲ್ಲಿಟ್ಟುಕೊಂಡು 260 ಕಿಲೋಮೀಟರ್ ದೂರದ ಬೆಂಗಳೂರಿಗೆ ಎರಡು ಸಲ ಓಡಾಡಿದೆ. ಕೊಳ್ಳುವ ಮೊದಲೇ ಈ ಖರ್ಚು ಲೆಕ್ಕ ಹಾಕಿ. ಕೊಳ್ಳುವ ಅಂಗಡಿಗೆ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಇದೆಯಾ ಅಂತಲೂ ಕೇಳಿ. 2018ರ ನಿಯಮದ ಪ್ರಕಾರ ಅದು ಇರಲೇಬೇಕು. ಬಿಲ್ಲು ಇಟ್ಟುಕೊಳ್ಳಿ.

ಇನ್ನೊಂದು ಮಾತು. ನಮ್ಮ ದಕ್ಷಿಣದಲ್ಲೇ ಇದರ ಸೋದರ ಜಾತಿಯೊಂದಿದೆ. 1851ರಲ್ಲೇ ವಿಜ್ಞಾನಿಗಳು ಹೆಸರಿಟ್ಟ ಮದ್ರಾಸ್ ಹೆಡ್ಜ್‌ಹಾಗ್ ಅದು. ತಮಿಳುನಾಡು, ಆಂಧ್ರದ ಒಣ ಕುರುಚಲು ಬಯಲಿನಲ್ಲಿ ರಾತ್ರಿ ತಿರುಗುತ್ತದೆ. ಕೆಮ್ಮಿಗೆ ಔಷಧಿ ಅಂತ ಅದರ ಮುಳ್ಳು ಸುಟ್ಟು ಕೊಡುವ ರೂಢಿಯೂ ಅಲ್ಲಿದೆ, ಪಾಪ. ಕಾಡುಪ್ರಾಣಿಯನ್ನು ಹಿಡಿದು ತಂದು ಸಾಕುವಂತಿಲ್ಲ, 1972ರ ವನ್ಯಜೀವಿ ಕಾಯಿದೆ ಇದೆ. ನಿಮ್ಮ ಹೊಲದಲ್ಲಿ ಮುಳ್ಳಿನ ಮರಿ ಯಾವುದೇ ಸಿಗಲಿ, ಅರಣ್ಯ ಇಲಾಖೆಗೆ ತಿಳಿಸಿ, ಮನೆಗೆ ಒಯ್ಯಬೇಡಿ.

ಇವು ಬದುಕುವುದು ನಾಲ್ಕರಿಂದ ಆರು ವರ್ಷ. ಉಂಡೆಗೆ ಈಗ ಮೂರು ದಾಟಿದೆ. ಪ್ರತಿ ಭಾನುವಾರ ಅಡುಗೆಮನೆಯ ಹೊರಗೆ ಬೇರೆ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ, ಮೊದಲು ಗೊತ್ತಾಗುವುದು ತೂಕದಲ್ಲೇ. ಹೋದ ವಾರ 412 ಗ್ರಾಂ. ನಿನ್ನೆ ಬರೆಯಲು ಹೋದರೆ ಅಲ್ಲಿ ಆಗಲೇ ಅತ್ತೆಯ ಕೈಬರಹದಲ್ಲಿ 409 ಅಂತಿತ್ತು. ಪಕ್ಕದಲ್ಲಿ, ಹುಳ ಇನ್ನೆರಡು ಹಾಕು, ಅಂತ ಬರೆದಿದ್ದರು.

ನಮಸ್ಕಾರ.